ಸುತ್ತಿಗೆ ಬಂತು, ಅಪ್ಪ ಬರಲಿಲ್ಲ

ನಮ್ಮಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ಅರಸೀಕೆರೆಯಿಂದ ಬೀರೂರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸ್ಟೇಷನ್, ಅದರ ಹಿಂದಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಸ್ಟೇಷನ್ ಹೆಸರು ಹೇಳಲ್ಲ, ಹೇಳಿದರೆ ಆ ಕಡೆಯವರಿಗೆ ನಾವು ಯಾರು ಅಂತ ಗೊತ್ತಾಗಿಬಿಡುತ್ತೆ.

ಕೀಮ್ಯಾನ್ ಅಂದ ಕೂಡಲೇ ಸ್ಕೂಲಿನಲ್ಲಿ ಹುಡುಗರು, "ರೈಲಿನ ಕೀ ನಿಮ್ಮಪ್ಪನ ಹತ್ರ ಇರುತ್ತೇನೋ?" ಅಂತ ಕೇಳುತ್ತಿದ್ದರು. ನಾನೂ ಹೌದು ಅಂತಿದ್ದೆ. ಬಿಡಿಸಿ ಹೇಳಿದರೆ ಮರ್ಯಾದೆ ಕಮ್ಮಿ ಆಗುತ್ತಿತ್ತು. ಅಸಲು ಕೆಲಸ ಅಂದರೆ ನಡೆಯೋದು. ದಿನಾ ಬೆಳಿಗ್ಗೆ ತಮ್ಮ ಬೀಟಿನ ಉದ್ದಕ್ಕೂ ಒಂದು ಕಂಬಿ ನೋಡಿಕೊಂಡು ಹೋಗಬೇಕು, ವಾಪಸ್ ಬರುವಾಗ ಇನ್ನೊಂದು ಕಂಬಿ. ಸಡಿಲವಾದ ಕ್ಲಿಪ್ಪು ಕಂಡರೆ ಸುತ್ತಿಗೆಯಿಂದ ಬಡಿದು ಕೂರಿಸಬೇಕು, ಎರಡು ಕಂಬಿ ಜೋಡಿಸುವ ಫಿಶ್ ಪ್ಲೇಟಿನ ಬೋಲ್ಟು ಬಿಗಿ ಮಾಡಬೇಕು, ಜಲ್ಲಿ ಸರಿದಿದೆಯಾ, ಕಂಬಿ ಬಿರುಕು ಬಿಟ್ಟಿದೆಯಾ ನೋಡಬೇಕು. ಹೆಗಲಿಗೆ ಒಂದು ಚೀಲ. ಅದರಲ್ಲಿ ಸ್ಪ್ಯಾನರ್, ಕೆಂಪು ಬಾವುಟ, ಹಸಿರು ಬಾವುಟ, ತಗಡಿನ ಡಬ್ಬಿಯಲ್ಲಿ ಡಿಟೋನೇಟರ್. ಅಪ್ಪ ಅದನ್ನು ಪಟಾಕಿ ಅಂತಿದ್ದರು. ಚಪ್ಪಟೆ ಡಬ್ಬಿ ಥರ ಇರುತ್ತೆ, ಎರಡೂ ಕಡೆ ಬಗ್ಗಿಸಲು ಬರುವ ಪಟ್ಟಿ, ಕಂಬಿ ಮೇಲಿಟ್ಟು ಪಟ್ಟಿ ಮಡಚಿದರೆ ಕೂತುಕೊಳ್ಳುತ್ತೆ, ಮೇಲೆ ಎಂಜಿನ್ ಗಾಲಿ ಹತ್ತಿದರೆ ಢಂ ಅನ್ನುತ್ತೆ. ನಾನು ಮುಟ್ಟಿದ್ದಕ್ಕೆ ಒಂದೇ ಒಂದು ಸಲ ಹೊಡೆಸಿಕೊಂಡಿದ್ದೇನೆ. ಅಪ್ಪ ನನಗೆ ಹೊಡೆದಿದ್ದೂ ಅದೊಂದೇ ಸಲ.

ಇನ್ನು ಸುತ್ತಿಗೆ. ಉದ್ದ ಹಿಡಿ, ಭಾರದ ತಲೆ. ಚಳಿಗಾಲದಲ್ಲಿ ಕೈ ಜಾರದ ಹಾಗೆ ಹಿಡಿಗೆ ಅಮ್ಮ ತನ್ನ ಹಳೇ ಸೀರೆಯ ಅಂಚು ಹರಿದು ಸುತ್ತಿ ಕೊಟ್ಟಿದ್ದಳು. ಮೈಲುತುತ್ತದ ಬಣ್ಣದ ಸೀರೆ, ಹಳದಿ ಅಂಚು. ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಅಪ್ಪನಿಗೆ ಅದರ ಮೇಲೆ ವಿಪರೀತ ಕಾಳಜಿ. ರಾತ್ರಿ ಮಂಚದ ಕೆಳಗೇ ಇಟ್ಟುಕೊಂಡು ಮಲಗುತ್ತಿದ್ದರು.

1998ರ ಜನವರಿ, ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ. ಅಕ್ಕನನ್ನು ನೋಡಿ ಹೋಗಿದ್ದ ಗಂಡಿನ ಕಡೆಯವರು ನೀವೂ ಬಂದು ನಮ್ಮ ಮನೆ ನೋಡಿಕೊಂಡು ಹೋಗಿ ಅಂತ ಹೇಳಿಕಳಿಸಿದ್ದರು. ತಿಪಟೂರು. ಹುಡುಗ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅಪ್ಪನಿಗೆ ರಜೆ ಸಿಗಲಿಲ್ಲ. ಬದಲಿ ಬರಬೇಕಿದ್ದವರು ಬರಲಿಲ್ಲ ಅನ್ನೋದು ಕಾರಣ, ಅದು ಯಾವಾಗಲೂ ಇರುವ ಕಾರಣವೇ. "ನೀವು ಪ್ಯಾಸೆಂಜರ್‌ಗೆ ಹೋಗ್ತಿರಿ, ನಾನು ಬೀಟು ಮುಗಿಸಿ ಮಧ್ಯಾಹ್ನದ ಗಾಡಿ ಹಿಡೀತೀನಿ" ಅಂದರು. ಪಾಸಿನ ಬದಲು ಪಿಟಿಓ ಬರೆಸಿದ್ದರು, ರೈಲ್ವೆ ನೌಕರರಿಗೆ ಸಿಗುವ ರಿಯಾಯಿತಿ ಚೀಟಿ, ಅದರಲ್ಲಾದರೆ ಟಿಕೆಟ್ಟಿಗೆ ಮೂರನೇ ಒಂದು ಭಾಗದ ದುಡ್ಡು ಕೊಟ್ಟರೆ ಸಾಕು. ಹೊರಟಿದ್ದು ಅಮ್ಮ, ಸೋದರಮಾವ, ಅತ್ತೆ, ಬಾಲಂಗೋಚಿಯಾಗಿ ನಾನು. ಆಗ ನಾನು ಒಂಬತ್ತನೇ ಕ್ಲಾಸು.

ಗಾಡಿ 7.15ಕ್ಕೆ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಕಾಲು ಗಂಟೆ ಕೈಯಲ್ಲಿದೆ ಅಂತ ಮಾವ ಖುಷಿಯಲ್ಲಿದ್ದರು.

ಪ್ಲಾಟ್‌ಫಾರ್ಮಿನಲ್ಲಿ ಮಂಜು ಅಂದರೆ ಮಂಜು, ಎದುರಿನ ಬೇವಿನ ಮರ ಕಾಣುತ್ತಿರಲಿಲ್ಲ. ಹತ್ತಿಪ್ಪತ್ತು ಜನ ಕಂಬಳಿ ಹೊದ್ದು ನಿಂತಿದ್ದರು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು ಸಿಮೆಂಟ್ ಬೆಂಚಿನ ತುದಿಯಲ್ಲಿ ಕೂತಿದ್ದಳು, ನೆರಿಗೆ ಮುದುರದ ಹಾಗೆ. ಕಾಲ ಬಳಿ ಚೀಲ: ಹಣ್ಣು, ಹೂವು, ಎಲೆ ಅಡಿಕೆ, ಎರಡು ತೆಂಗಿನಕಾಯಿ. ತಿಪಟೂರಿಗೆ ತೆಂಗಿನಕಾಯಿ ಹೊತ್ತುಕೊಂಡು ಹೋಗ್ತಿದ್ದೀರಲ್ಲ ಅಂತ ಅತ್ತೆ ನಗುತ್ತಿದ್ದರು.

ಏಳು ಗಂಟೆಗೆ ಇನ್ನೂ ಸ್ವಲ್ಪ ಇತ್ತೇನೋ, ಬೀರೂರಿನ ಕಡೆಯಿಂದ ಕಂಬಿ ಪಕ್ಕದ ಕಾಲುದಾರಿಯಲ್ಲಿ ಒಂದು ಸೈಕಲ್ಲು ಬಂತು. ಡೈರಿಗೆ ಹಾಲು ಹಾಕುವ ಹುಡುಗ. ನನಗಿಂತ ಒಂದೆರಡು ವರ್ಷ ದೊಡ್ಡವನು. ಸೈಕಲ್ಲನ್ನು ಹಾಗೇ ಕೆಡವಿದ, ಕ್ಯಾನಿನ ಹಾಲು ಚೆಲ್ಲಿತು, ಅದರ ಕಡೆ ನೋಡಲೂ ಇಲ್ಲ, "ಮಾಸ್ಟ್ರೇ, ಮಾಸ್ಟ್ರೇ" ಅಂತ ಓಡಿದ. ಅವನ ಕೈಯಲ್ಲಿ ಸುತ್ತಿಗೆ. ಹಿಡಿಗೆ ಹಳದಿ ಅಂಚು.

ಅಮ್ಮ ಎದ್ದಿದ್ದು ನನಗೆ ಗೊತ್ತಾಗಲಿಲ್ಲ. ನೋಡುವಾಗ ಅವಳು ಆಗಲೇ ಸ್ಟೇಷನ್ ಮಾಸ್ಟರ್ ರೂಮಿನ ಬಾಗಿಲಲ್ಲಿ ಆ ಹುಡುಗನ ತೋಳು ಹಿಡಿದುಕೊಂಡಿದ್ದಳು. "ಅವರೆಲ್ಲಿ? ಅವರೆಲ್ಲೋ?" ಹುಡುಗನಿಗೆ ಏದುಸಿರು. "ಕೀಮ್ಯಾನು... ಕಂಬಿ..." ಅನ್ನುತ್ತಾನೆ, ಮುಂದೆ ಬರಲ್ಲ. ಕ್ವಾರ್ಟರ್ಸಿನ ಹೆಂಗಸರಿಗೆ ಇಂಥ ಅರ್ಧ ಮಾತು ಗೊತ್ತು. ಎರಡು ವರ್ಷದ ಹಿಂದೆ ಪಕ್ಕದ ಗ್ಯಾಂಗಿನ, ಅಂದರೆ ಕಂಬಿ ರಿಪೇರಿ ತಂಡದ, ಒಬ್ಬರ ಮನೆಗೆ ಮೊದಲು ಬಂದಿದ್ದು ಅವರ ಚಪ್ಪಲಿ.

ಹುಡುಗ ಒಂದು ಲೋಟ ನೀರು ಕುಡಿದು ಹೇಳಿದ. ಒಂದೂವರೆ ಕಿಲೋಮೀಟರ್ ಆಚೆ ಕಂಬಿ ಮುರಿದಿದೆ, ಬೆಸುಗೆ ಹತ್ತಿರ, ಬೆರಳು ತೂರುವಷ್ಟು ಸಂದು. ಬೀರೂರಿನ ಕಡೆಯಿಂದ ಬರೋ ಗಾಡಿನ ನಾನು ತಡೀತೀನಿ, ಅರಸೀಕೆರೆ ಕಡೆಯಿಂದ ಏನೂ ಬಿಡಬೇಡಿ ಅಂತ ಮಾಸ್ಟ್ರಿಗೆ ಹೇಳು, ನಂಬಲಿಲ್ಲ ಅಂದ್ರೆ ಇದನ್ನ ತೋರಿಸು ಅಂದರಂತೆ ಕೀಮ್ಯಾನು. ಅದಕ್ಕೇ ಸುತ್ತಿಗೆ. ಆಗ ಇನ್ನೂ ಒಂದೇ ಲೈನು, ಎರಡೂ ದಿಕ್ಕಿನ ಗಾಡಿಗೂ ಅದೇ ಕಂಬಿ. ಒಬ್ಬನೇ ಮನುಷ್ಯ ಎರಡು ಕಡೆ ಓಡೋಕಾಗುತ್ತಾ?

ಮಾಸ್ಟರು ಫೋನು ಎತ್ತಿದರು. ಪ್ಯಾಸೆಂಜರ್ ಆ ಕಡೆ ಸ್ಟೇಷನ್ ಬಿಟ್ಟು ಆಗಿತ್ತು.

ಚಳಿಗೆ ಕಬ್ಬಿಣ ಕುಗ್ಗುತ್ತೆ. ಬೆಸೆದು ಉದ್ದ ಮಾಡಿದ ಕಂಬಿಗೆ ಕುಗ್ಗಲು ಜಾಗ ಇರಲ್ಲ, ಎರಡೂ ಕಡೆಗೆ ಜಗ್ಗುತ್ತೆ, ಎಲ್ಲಾದರೂ ಬೆಸುಗೆ ಸೋತಿದ್ದರೆ ಅಲ್ಲೇ ಕಿತ್ತುಕೊಳ್ಳುತ್ತೆ. ಜನವರಿಯ ಬೆಳಗಿನ ಜಾವ ಅಂದರೆ ಅಪ್ಪನಿಗೆ ಅದೇ ಭಯ. ಬೇಸಿಗೆಯಲ್ಲಿ ಉಲ್ಟಾ, ಕಂಬಿ ಹಿಗ್ಗಿ ಹಾವಿನ ಥರ ಸೊಟ್ಟ ಆಗಬಹುದು. ವರ್ಷದಲ್ಲಿ ನೆಮ್ಮದಿ ಇರೋ ತಿಂಗಳು ಯಾವುದಪ್ಪಾ ಅಂತ ಕೇಳಿದ್ದೆ ಒಂದು ಸಲ. ಮಳೆಗಾಲ ಅಂದಿರಾ, ಆಗ ರಾತ್ರಿ ಪೆಟ್ರೋಲಿಂಗ್.

ಕಂಬಿ ಮುರಿದಿದ್ದು ಕಂಡರೆ ಅಲ್ಲಿ ಬಾವುಟ ನೆಟ್ಟು, ಬರುವ ಗಾಡಿಗೆ ಎದುರಾಗಿ ಓಡಬೇಕು. 600 ಮೀಟರಿಗೆ ಒಂದು ಪಟಾಕಿ ಕಟ್ಟಬೇಕು. 1200 ಮೀಟರಿಗೆ ಮೂರು, ಹತ್ತತ್ತು ಮೀಟರ್ ಅಂತರದಲ್ಲಿ. ಅಪ್ಪ ಮೀಟರ್ ಗೇಜ್ ಕಾಲದಲ್ಲಿ ಕ್ಯಾಶುಯಲ್ ಲೇಬರ್ ಆಗಿ ಸೇರಿದವರು. ಆಗ ಎರಡು ಕಂಬಿಯ ನಡುವೆ 1000 ಮಿಲಿಮೀಟರ್ ಜಾಗ, ಈ ಓಟದ ಲೆಕ್ಕ 400 ಮತ್ತೆ 800. ತೊಂಬತ್ತರ ದಶಕದಲ್ಲಿ ನಮ್ಮ ಲೈನು ಬ್ರಾಡ್‌ಗೇಜ್ ಆಗಿ 1676 ಮಿಲಿಮೀಟರ್ ಆಯಿತು, ಗಾಡಿಗಳು ಭಾರವಾದವು, ಸ್ಪೀಡು ಜಾಸ್ತಿ ಆಯಿತು, ಲೆಕ್ಕ 600 ಮತ್ತೆ 1200 ಆಯಿತು. "ಕಂಬಿ ಅಗಲ ಆಯ್ತು, ನನ್ನ ಓಟ ಉದ್ದ ಆಯ್ತು" ಅಂತಿದ್ದರು. ಜಲ್ಲಿ ಮೇಲೆ ಓಡಿ ನೋಡಿ ಯಾವತ್ತಾದರೂ, ನೂರು ಮೀಟರಿಗೆ ಕಾಲು ಹೊರಳುತ್ತೆ. ಆವತ್ತು ಅಪ್ಪನಿಗೆ ನಲವತ್ತೊಂಬತ್ತು.

ಪ್ಲಾಟ್‌ಫಾರ್ಮಿನಲ್ಲಿ ಇದ್ಯಾವುದೂ ಯಾರಿಗೂ ಗೊತ್ತಿಲ್ಲ. "ಯಾವನೋ ಗ್ಯಾಂಗ್‌ಮ್ಯಾನ್ ಗಾಡಿ ನಿಲ್ಲಿಸ್ತಾನಂತೆ" ಅಂತ ಸುದ್ದಿ ಹಬ್ಬಿತು. "ಇವರಿಗೆ ದಿನಾ ಒಂದು ನೆಪ" ಅಂದರು ಒಬ್ಬರು, ಕೋರ್ಟಿಗೆ ಹೋಗುವವರು. ನನಗೆ ಸಿಟ್ಟು ಬಂತು. ಆದರೆ ಅಮ್ಮ ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಸುತ್ತಿಗೆ ಮಡಿಲಲ್ಲಿಟ್ಟುಕೊಂಡು, ಹೆರಳಿನ ಮಲ್ಲಿಗೆ ಜಾರುತ್ತಿದ್ದರೂ ಸರಿ ಮಾಡಿಕೊಳ್ಳದೆ, ಮಂಜಿನ ಕಡೆ ಕಿವಿ ಕೊಟ್ಟು ಕೂತಿದ್ದಳು. ಮಂಜಿನಲ್ಲಿ ಡ್ರೈವರಿಗೆ ಬಾವುಟ ಕಾಣಲ್ಲ ಅಂತ ಅವಳಿಗೂ ಗೊತ್ತು. ಮಾವ ಗಡಿಯಾರ ನೋಡಿದರು. ಏಳೂಕಾಲು ದಾಟಿತು.

ಆಮೇಲೆ ಕೇಳಿಸಿತು. ದೂರದಲ್ಲಿ, ದಪ್ಪ ಕಂಬಳಿ ಒಳಗಿಂದ ಬಂದ ಹಾಗೆ. ಒಂದು. ಮತ್ತೊಂದು. ಮೂರು.

ನಾಲ್ಕನೆಯದು ಬರುತ್ತಾ ಅಂತ ಕಾದೆವು. 600 ಮೀಟರಿನದು. ಅದು ಕೇಳಿಸಿದರೆ ಗಾಡಿ ಇನ್ನೂ ನಿಂತಿಲ್ಲ ಅಂತ. ಅಮ್ಮನ ತುಟಿ ಅಲ್ಲಾಡುತ್ತಿತ್ತು, ದೇವರ ಹೆಸರು ಹೇಳುತ್ತಿದ್ದಾಳೆ ಅಂದುಕೊಂಡೆ, ಹತ್ತಿರ ಹೋದರೆ ಎಣಿಸುತ್ತಿದ್ದಳು. ನಾಲ್ಕನೆಯದು ಬರಲಿಲ್ಲ.

ಅಮ್ಮ ಉಸಿರು ಬಿಟ್ಟು, "ಕಾಫಿ ಕುಡ್ದು ಹೋಗಿರಲಿಲ್ಲ" ಅಂದಳು.

ಗ್ಯಾಂಗು ಹೊರಟಿತು, ಮೇಸ್ತ್ರಿ ಮುಂದೆ. ಸಂದಿನ ಕೆಳಗೆ ಮರದ ತುಂಡು ಕೊಟ್ಟು, ಎರಡೂ ಬದಿಗೆ ಉಬ್ಬು ಇರುವ ಫಿಶ್ ಪ್ಲೇಟ್ ಇಟ್ಟು ಕ್ಲಾಂಪ್ ಹಾಕಿ ಬಿಗಿದರಂತೆ. ಅಕ್ಕ ಅಡುಗೆ ಮನೆ ಬಿಟ್ಟು ಕಾಫಿ ತಗೊಂಡು ಅವರ ಹಿಂದೆಯೇ ಹೋದಳು. ಗಾಡಿ ನಮ್ಮ ಸ್ಟೇಷನ್ನಿಗೆ ತೆವಳಿಕೊಂಡು ಬಂದಿದ್ದು ಒಂಬತ್ತೂವರೆಗೆ. "ನೋಡಿ, ರಾಹುಕಾಲ ಕಳ್ಕೊಂಡೇ ಬಂತು" ಅಂದರು ಮಾವ. ನಿಲ್ಲೋದು ಒಂದೇ ನಿಮಿಷ, ನೂಕುನುಗ್ಗಲಲ್ಲಿ ಹತ್ತಿದೆವು. ಡಬ್ಬಿಯೊಳಗೆ ಎಲ್ಲರದ್ದೂ ಅದೇ ಮಾತು, ಎರಡು ಗಂಟೆ ಹಾಳು ಮಾಡಿದರು ಅಂತ. ಒಬ್ಬ ಮುದುಕರು ಮಾತ್ರ, ಇಳಿದು ಹೋಗಿ ನೋಡಿ ಬಂದವರಿರಬೇಕು, ತೋರುಬೆರಳನ್ನು ಹೆಬ್ಬೆರಳಿಗೆ ಹಿಡಿದು ಇಷ್ಟು ಸಂದು ಅಂತ ಎಲ್ಲರಿಗೂ ತೋರಿಸುತ್ತಿದ್ದರು.

ತಿಪಟೂರಿನಲ್ಲಿ ಗಂಡಿನ ಮನೆಯವರು ತಿಂಡಿ ಮಾಡಿಟ್ಟು ಕಾದು ಕಾದು, ಊಟದ ತಯಾರಿಗೆ ಇಳಿದಿದ್ದರು. ಚಾಪೆ ಮೇಲೆ ಕೂತು ಅಮ್ಮ ತಟ್ಟೆಗೆ ಹಣ್ಣು ಜೋಡಿಸಲು ಚೀಲಕ್ಕೆ ಕೈ ಹಾಕಿದಳು. ಬಾಳೆಹಣ್ಣು ಬಂತು, ಹೂವು ಬಂತು, ಆಮೇಲೆ ಏನೋ ಗಟ್ಟಿ. ಗಾಡಿ ಹತ್ತುವ ಅವಸರದಲ್ಲಿ ಸುತ್ತಿಗೆಯನ್ನು ಚೀಲಕ್ಕೆ ತುರುಕಿದ್ದು ಅವಳಿಗೇ ನೆನಪಿರಲಿಲ್ಲ. ಅದು ತೆಂಗಿನಕಾಯಿಯ ಜೊತೆ ಠಣ್ ಅಂತ ಕೆಂಪು ಗಾರೆ ನೆಲಕ್ಕೆ ಬಿತ್ತು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ಅಜ್ಜಿ, ಹಲ್ಲಿಲ್ಲದ ಬಾಯಲ್ಲಿ, "ತಿಪಟೂರಲ್ಲಿ ಕಾಯಿ ಒಡೆಯಾಕೆ ಬೇರೆ ಊರಿಂದ ಸುತ್ತಿಗೆ ತರ್ಬೇಕೇನವ್ವಾ?" ಅಂದರು.

ಮನೆ ತುಂಬ ನಗು. ಅಮ್ಮ ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಮಾವ ನಡೆದಿದ್ದೆಲ್ಲ ಹೇಳಿದರು, ಸ್ವಲ್ಪ ಉಪ್ಪುಖಾರ ಹಾಕಿ. ಅಜ್ಜಿ ಸುತ್ತಿಗೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟರು. ಹೊರಡುವಾಗ ಅಮ್ಮನಿಗೆ, ಅತ್ತೆಗೆ ಕುಂಕುಮ ಇಟ್ಟು, ಉಳಿದಿದ್ದನ್ನು ಸುತ್ತಿಗೆಗೂ ಒಂದು ಬೊಟ್ಟು ಇಟ್ಟರು. ಆ ಸಂಬಂಧ ಕೂಡಿಬರಲಿಲ್ಲ. ಜಾತಕ ಅಂದರು, ಇದ್ದರೂ ಇರಬಹುದು. ಅಜ್ಜಿ ಮಾತ್ರ ನನಗೆ ಇವತ್ತಿಗೂ ಇಷ್ಟ.

ಸಂಜೆ ಗಾಡಿಗೆ ವಾಪಸ್ ಬಂದಾಗ ಅಪ್ಪ ಮನೆಯಲ್ಲಿ ಇರಲಿಲ್ಲ. ಕಂಬಿ ಬದಲಾಯಿಸುವವರೆಗೆ ಆ ಜಾಗಕ್ಕೆ ಕಾವಲು ಬೇಕು, ಆ ರಾತ್ರಿಯ ಪಾಳಿ ಇವರೇ ಇಟ್ಟುಕೊಂಡಿದ್ದರು. ಹಗಲೆಲ್ಲ ಅಲ್ಲೇ, ಕಂಬಿ ಉಸ್ತುವಾರಿಯ ಇನ್ಸ್‌ಪೆಕ್ಟರ್ ಪಿಡಬ್ಲ್ಯೂಐ ಟ್ರಾಲಿಯಲ್ಲಿ ಬಂದಾಗ ಹೇಳಿಕೆ, ಬರವಣಿಗೆ. ಅಮ್ಮ ಮುದ್ದೆ, ಹುರುಳಿ ಸಾರು ಕಟ್ಟಿಕೊಟ್ಟಳು. ಗ್ಯಾಂಗಿನ ಚಿಕ್ಕಪ್ಪ ಒಬ್ಬರು ಟಾರ್ಚು ಹಿಡಿದು ಮುಂದೆ, ನಾನು ಬುತ್ತಿ, ಸುತ್ತಿಗೆ ಹಿಡಿದು ಹಿಂದೆ.

ಅಪ್ಪ ಕಂಬಿಯಿಂದ ದೂರಕ್ಕೆ ಸಣ್ಣ ಬೆಂಕಿ ಹಾಕಿಕೊಂಡು ಕೂತಿದ್ದರು. ಬಲಗಾಲಿನ ಮಣಿಗಂಟು ಊದಿ ಬದನೆಕಾಯಿ ಆಗಿತ್ತು, ಟವಲ್ಲು ಸುತ್ತಿದ್ದರು. ನನ್ನ ಮುಖ ನೋಡಿದ್ದೇ ತಡ, "ಸುತ್ತಿಗೆ ಎಲ್ಲಿ? ಆ ಹುಡುಗ ಎಲ್ಲಿ ಬಿಟ್ಟ? ಬೆಳಿಗ್ಗೆಯಿಂದ ಹುಡುಕಿಸ್ತಿದೀನಿ" ಅಂದರು. ಕೊಟ್ಟೆ. ಬೆಂಕಿ ಬೆಳಕಿಗೆ ತಿರುಗಿಸಿ ನೋಡಿದರು.

"ಇದೇನೋ ಕುಂಕುಮ?"

ಹೇಳಿದೆ. ಅಜ್ಜಿ ಮಾತನ್ನೂ ಹೇಳಿದೆ. ಅಪ್ಪ ನಕ್ಕಿದ್ದಕ್ಕೆ ಕಾಲು ನೋವಾಗಿ ಹಾ ಅಂದರು, ಮತ್ತೆ ನಕ್ಕರು. ಮುದ್ದೆ ಮುರಿದುಕೊಂಡು ಸಾರಿನಲ್ಲಿ ಅದ್ದುತ್ತಾ, "ಹುಡುಗ ಹೆಂಗವ್ನೆ?" ಅಂತ ಕೇಳಿದರು.

"ಸುಮಾರಾಗಿದ್ದಾನೆ. ಜಾಸ್ತಿ ಮಾತಾಡಲ್ಲ."

"ಮನೆ?"

ನಾನು ಹೇಳುವಷ್ಟರಲ್ಲಿ ದೂರದಲ್ಲಿ ಗೂಡ್ಸಿನ ಲೈಟು ಕಂಡಿತು. ಅಪ್ಪ ತಟ್ಟೆ ಕೆಳಗಿಟ್ಟು, ಸುತ್ತಿಗೆ ಊರಿಕೊಂಡು ಎದ್ದರು, ಲ್ಯಾಂಪು ಹಿಡಿದು ಕುಂಟುತ್ತಾ ಕಂಬಿ ಹತ್ತಿರ ಹೋದರು. ಗಾಡಿ ನಿಂತು, ಆಮೇಲೆ ಒಂದೊಂದೇ ಡಬ್ಬಿ ಆ ಸಂದಿನ ಮೇಲೆ ಟಕ್ ಅಂತ ದಾಟಲು ಶುರು ಮಾಡಿತು. ಅಪ್ಪ ಬಗ್ಗಿ ಕ್ಲಾಂಪನ್ನೇ ನೋಡುತ್ತಿದ್ದರು. ನಾನು ಮುದ್ದೆಯ ಮೇಲೆ ಬೂದಿ ಬೀಳದ ಹಾಗೆ ಇನ್ನೊಂದು ತಟ್ಟೆ ಮುಚ್ಚಿದೆ.