ಬೆಣ್ಣೆಗೆ ಲೆಕ್ಕವಿಲ್ಲ

ಅಷ್ಟಮಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಅತ್ತೆ ಅಕ್ಕಿ, ಉದ್ದಿನ ಹಿಟ್ಟು ಕಲಸಿ ಚಕ್ಕುಲಿ ಒತ್ತುತ್ತಾರೆ, ಲಡ್ಡು ಕಟ್ಟುತ್ತಾರೆ. ಎಲ್ಲ ಕೃಷ್ಣನಿಗೆ. ನಾಲ್ಕು ವರ್ಷದ ನನ್ನ ಮಗ ಹೊಸ್ತಿಲ ಮೇಲೆ ಕೂತು ನೋಡುತ್ತಾನೆ. ಅವನದು ಒಂದೇ ಪ್ರಶ್ನೆ. "ಅಮ್ಮ, ಇದು ಲೆಕ್ಕದ್ದಾ, ಲೆಕ್ಕ ಇಲ್ಲದ್ದಾ?"

ಅವನಿಗೆ ಫೀನೈಲ್‌ಕೀಟೋನ್ಯೂರಿಯಾ ಇದೆ. ಡಾಕ್ಟರುಗಳು ಪಿಕೆಯು ಅನ್ನುತ್ತಾರೆ. ನಾವು ತಿನ್ನುವ ಪ್ರೋಟೀನಿನಲ್ಲೆಲ್ಲ ಫೀನೈಲಾಲನೈನ್ ಅನ್ನುವ ಒಂದು ಅಂಶ ಇರುತ್ತದೆ. ಅದನ್ನು ಬೇರೆ ರೂಪಕ್ಕೆ ತಿರುಗಿಸುವ ಕಿಣ್ವ ನಮ್ಮ ಲಿವರಿನಲ್ಲಿದೆ. ಅವನಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಹಾಗಾಗಿ ಅದು ರಕ್ತದಲ್ಲಿ ಸೇರುತ್ತಾ ಹೋಗಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಒಮ್ಮೆ ಕೆಟ್ಟದ್ದು ಸರಿಹೋಗುವುದಿಲ್ಲ. ಆದರೆ ಹುಟ್ಟಿದ ಮೊದಲ ವಾರಗಳಲ್ಲೇ ಗೊತ್ತಾಗಿ ಊಟ ಕಟ್ಟುನಿಟ್ಟು ಮಾಡಿದರೆ ಮಗು ಎಲ್ಲರ ಹಾಗೇ ಬೆಳೆಯುತ್ತದೆ. ಇವನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಹನಿಯಿಂದ ನಮಗೆ ಬೇಗ ಗೊತ್ತಾಯಿತು. ನಮ್ಮ ದೇಶದಲ್ಲಿ ಆ ಪರೀಕ್ಷೆ ಎಲ್ಲ ಮಕ್ಕಳಿಗೂ ಆಗುವುದಿಲ್ಲ. ಅದನ್ನು ನೆನೆದಾಗೆಲ್ಲ ಎದೆ ಝಲ್ಲೆನ್ನುತ್ತದೆ.

ಹಾಲು, ಮೊಸರು, ಬೇಳೆ, ಮೊಟ್ಟೆ, ಮೀನು ಅವನಿಗೆ ಇಲ್ಲ. ಬೇಕಾದ ಪೋಷಣೆಗೆ ಒಂದು ಪುಡಿ ಇದೆ, ಕಲಸಿ ದಿನಕ್ಕೆ ಮೂರು ಸಲ ಕುಡಿಯಬೇಕು. ಅದರ ವಾಸನೆ ನಮಗೆ ತಡೆಯಲಾಗುವುದಿಲ್ಲ, ಅವನು ಗಟಗಟ ಕುಡಿಯುತ್ತಾನೆ. ಫೀನೈಲಾಲನೈನ್ ದಿನಕ್ಕೆ ಇಷ್ಟೇ ಎಂಬ ಲೆಕ್ಕವಿದೆ, ಹಾಗಾಗಿ ಅನ್ನ ತೂಗಿ ಹಾಕಬೇಕು. 40 ಗ್ರಾಂ ಅನ್ನದಲ್ಲಿ ಸುಮಾರು 1 ಗ್ರಾಂ ಪ್ರೋಟೀನ್, ಅಂದರೆ 50 ಮಿಲಿಗ್ರಾಂ ಫೀನೈಲಾಲನೈನ್. ಆಗಾಗ ಬೆರಳು ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಇಳಿಸಿ ಲ್ಯಾಬಿಗೆ ಕಳಿಸುತ್ತೇವೆ. ಬಂದ ಅಂಕಿ ನೋಡಿ ಡಾಕ್ಟರು ಲೆಕ್ಕ ಬದಲಿಸುತ್ತಾರೆ. ಸಬ್ಬಕ್ಕಿ, ಕೂವೆ ಹಿಟ್ಟಿನ ಮಣ್ಣಿ, ಕಲ್ಲುಸಕ್ಕರೆ ಇವುಗಳಿಗೆ ಹೆಚ್ಚುಕಡಿಮೆ ಲೆಕ್ಕವೇ ಇಲ್ಲ. ತೋಟದ ಮೂಲೆಯ ಕೂವೆಗೆಡ್ಡೆ ಇಷ್ಟು ದೊಡ್ಡ ಉಪಕಾರ ಮಾಡುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಇದೆಲ್ಲ ಕಲಿತೆವು. ಕಲಿಯಲಾಗದೆ ಹೋದದ್ದು ಪ್ರಸಾದಕ್ಕೆ ಬೇಡ ಅನ್ನುವುದು.

ಮೊದಮೊದಲು ಯಾವ ಪೂಜೆಗೆ ಹೋದರೂ ಇದೇ ಸಂಕಟ. ಮಗುವಿನ ಕೈಗೆ ಯಾರಾದರೂ ಪಂಚಕಜ್ಜಾಯ ಹಾಕುತ್ತಾರೆ. ನಾನು ಓಡಿಹೋಗಿ ಕೈ ಹಿಡಿಯುತ್ತೇನೆ. "ದೇವರ ಪ್ರಸಾದ ಅಲ್ವಾ, ಒಂದು ತುತ್ತು ತಿಂದರೆ ಎಂತ ಆಗ್ತದೆ ಮಾರಾಯ್ತಿ?" ಎಂದು ಕೇಳುತ್ತಾರೆ. ಅವರದು ಪ್ರೀತಿಯೇ, ಕೆಟ್ಟ ಮನಸ್ಸಲ್ಲ. ನಾಗದೋಷ ಅಂದವರೂ ಇದ್ದಾರೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಕೆಟ್ಟ ಜೀನು ಎರಡೂ ಕಡೆಯಿಂದ ಸೇರಿದರೆ ಮಾತ್ರ ಹೀಗಾಗುತ್ತದೆ, ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಂಭವ ಎಂದು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಕೆಲವರಿಗೆ ಅರ್ಥವಾಯಿತು. ಆದರೂ ರಾತ್ರಿ ಮಲಗಿದಾಗ ನನಗೇ ಅನಿಸುತ್ತಿತ್ತು. ಮಗುವಿನ ಬಾಯಿಗೆ ಹೋಗುವ ಪ್ರಸಾದವನ್ನು ಕಿತ್ತುಕೊಳ್ಳುವ ಕೈ ನನ್ನದೇ ಆಯಿತಲ್ಲ.

ಈ ಸಲ ಅಷ್ಟಮಿಗೆ ಮೂರು ದಿನ ಇರುವಾಗ ಬೆಳಗಿನ ಜಾವ ಉಡುಪಿಯ ಕೃಷ್ಣ ಮಠಕ್ಕೆ ಹೋದೆವು. ರಥಬೀದಿ ಇನ್ನೂ ಒದ್ದೆಯಾಗಿತ್ತು, ಜನ ಕಡಿಮೆ. ಮಗ ಅಪ್ಪನ ಹೆಗಲ ಮೇಲಿಂದ ಬೆಳ್ಳಿಯ ನವಗ್ರಹ ಕಿಂಡಿಗೆ ಕಣ್ಣಿಟ್ಟ. ಒಂಬತ್ತು ತೂತುಗಳಲ್ಲಿ ಒಂದನ್ನು ಆರಿಸಿಕೊಂಡು ಬಹಳ ಹೊತ್ತು ನೋಡಿದ. ಅಲಂಕಾರಕ್ಕೆ ಮೊದಲಿನ ಹೊತ್ತು. ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಪುಟ್ಟ ಕೃಷ್ಣ.

"ಅವನ ಕೈಯಲ್ಲಿ ಎಂತದು?"

"ಕಡೆಗೋಲು. ಮೊಸರು ಕಡೆಯುವುದು."

"ಮೊಸರು ಲೆಕ್ಕದ್ದು!" ಎಂದ ಗಾಬರಿಯಿಂದ.

"ಹೌದು. ಆದರೆ ಕಡೆದರೆ ಬೆಣ್ಣೆ ಬರ್ತದೆ."

ಹೇಳಿದ ಮೇಲೆ ನಾನೇ ಸುಮ್ಮನಾದೆ. ಮೊಸರು ಕಡೆದಾಗ ಪ್ರೋಟೀನ್ ಬಹುಪಾಲು ಮಜ್ಜಿಗೆಯಲ್ಲೇ ಉಳಿಯುತ್ತದೆ. ಮೇಲೆ ತೇಲಿ ಬರುವ ಬೆಣ್ಣೆಯಲ್ಲಿ 100 ಗ್ರಾಂಗೆ 1 ಗ್ರಾಂ ಪ್ರೋಟೀನ್ ಕೂಡ ಇಲ್ಲ. ತುಪ್ಪದಲ್ಲಂತೂ ಇಲ್ಲವೇ ಇಲ್ಲ. ನನ್ನ ಮಗನಿಗೆ ಆಗದ್ದನ್ನು ಕೆಳಗೆ ಬಿಟ್ಟು, ಆಗುವುದನ್ನು ಮೇಲಕ್ಕೆ ಎತ್ತಿಕೊಡುವ ಕೋಲು ಅದು. ದಿನಾ ಬೆಣ್ಣೆ ಸವರಿ ತಿನ್ನಿಸುವ ನಾನು, ಹುಟ್ಟಿದಾಗಿನಿಂದ ಈ ದೇವರನ್ನು ನೋಡುತ್ತಾ ಬಂದ ನಾನು, ಎರಡನ್ನೂ ಒಟ್ಟಿಗೆ ನೋಡಿರಲಿಲ್ಲ.

ಈ ವಿಗ್ರಹದ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೋಪಿಚಂದನದ ಗಡ್ಡೆಯೊಳಗೆ ಅಡಗಿ ಹಡಗಿನಲ್ಲಿ ಮಲ್ಪೆ ಕಡಲಿಗೆ ಬಂದದ್ದು, ಆಚಾರ್ಯ ಮಧ್ವರು ತಂದು ನಿಲ್ಲಿಸಿದ್ದು. ನನಗೆ ಜಾಸ್ತಿ ಇಷ್ಟ ಅದಕ್ಕೂ ಹಿಂದಿನ ಭಾಗ. ದೇವಕಿಗೆ ಒಂದು ಕೊರಗು ಇತ್ತಂತೆ. ಹೆತ್ತದ್ದು ತಾನು, ಆಡಿಸಿದ್ದು ಯಶೋದೆ. ಮಗನ ಬಾಲ್ಯ ನೋಡಲಿಲ್ಲವಲ್ಲ ಎಂದು ಕೃಷ್ಣನ ಹತ್ತಿರ ಹೇಳಿಕೊಂಡಳು. ದೊಡ್ಡವನಾಗಿದ್ದ ಕೃಷ್ಣ ಅವಳಿಗಾಗಿ ಮತ್ತೆ ಮಗುವಾದ. ಮೊಸರಿನ ಗಡಿಗೆ ಒಡೆದ, ಬೆಣ್ಣೆ ಮೆತ್ತಿಕೊಂಡ, ಕಡೆಗೋಲು, ಹಗ್ಗ ಹಿಡಿದು ನಿಂತ. ಅದನ್ನು ಕಂಡ ರುಕ್ಮಿಣಿ ಅದೇ ರೂಪದ ವಿಗ್ರಹ ಬೇಕೆಂದು ಕೇಳಿ ಪೂಜಿಸಿದಳಂತೆ.

ಅಂದರೆ ಒಬ್ಬ ತಾಯಿಯ ಸಂಕಟಕ್ಕೆ ನಿಂತ ದೇವರು ಇವನು. ಇವನ ಮುಂದೆ ನಾನು ಯಾಕೆ ತಪ್ಪು ಮಾಡಿದವಳ ಹಾಗೆ ನಿಲ್ಲಬೇಕು? ಆವತ್ತು ತೀರ್ಥ ತೆಗೆದುಕೊಂಡೆವು, ತುಳಸಿ ಕಿವಿಗಿಟ್ಟೆವು. ಪ್ರಸಾದವನ್ನು ಮಗ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟ. ನಾನು ತಿಂದೆ. ಗಂಟಲು ಕಟ್ಟಲಿಲ್ಲ.

ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ಉತ್ಸವಕ್ಕೆ ಮಗನಿಗೆ ಮುದ್ದುಕೃಷ್ಣನ ವೇಷ ಹಾಕಿದೆವು. ಹುಲಿವೇಷದ ತಾಸೆಯ ಸದ್ದಿಗೆ ಅವನ ಕಾಲು ನಿಲ್ಲಲಿಲ್ಲ. ಚಿನ್ನದ ರಥದಲ್ಲಿ ಮಣ್ಣಿನ ಕೃಷ್ಣ ಬರುವಾಗ, ಗೊಲ್ಲರು ಕುಡಿಕೆ ಒಡೆಯುವಾಗ ಅಪ್ಪನ ಹೆಗಲ ಮೇಲೆ ಕೇಕೆ ಹಾಕಿದ. ಪ್ರಸಾದದ ಒಂದು ಚಕ್ಕುಲಿ ನೇರ ಅವನ ಮಡಿಲಿಗೇ ಬಿತ್ತು. ತಿನ್ನಲಿಲ್ಲ. ಮನೆಯವರೆಗೂ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದ.

ಒಂದು ಕಾಲದಲ್ಲಿ ಮಗುವಿನ ಅನ್ನ ತೂಗಬಾರದು, ದೃಷ್ಟಿಯಾಗುತ್ತದೆ ಎಂದು ಅತ್ತಿದ್ದ ಅತ್ತೆ ಈಗ ಕನ್ನಡಕ ಹಾಕಿಕೊಂಡು ತೂಕದ ಮೆಷಿನ್ ಮುಂದೆ ಕೂತರು. ಚಕ್ಕುಲಿ ಇಟ್ಟರು. 12 ಗ್ರಾಂ. ದೇವರಿಗೆ ಕೈಮುಗಿದು ಅರ್ಧ ಮುರಿದರು. 6. ರಾತ್ರಿಗೆ ತೂಗಿಟ್ಟಿದ್ದ ಬಟ್ಟಲನ್ನು ಎಳೆದುಕೊಂಡು 25 ಗ್ರಾಂ ಅನ್ನ ತೆಗೆದರು. ಅರ್ಧ ಚಕ್ಕುಲಿಗೆ ಬೆಣ್ಣೆ ಮೆತ್ತಿ ಅವನ ಬಾಯಿಗಿಟ್ಟರು.

"ಬೆಣ್ಣೆಗೆ ಲೆಕ್ಕ?" ಎಂದ, ಬಾಯಿ ತುಂಬಾ ಇಟ್ಟುಕೊಂಡೇ.

"ಇಲ್ಲ ಮಗಾ" ಎಂದು ಅತ್ತೆ ಇನ್ನಷ್ಟು ಮೆತ್ತಿದರು.