ಗಜನಿಯ ಒಡ್ಡು, ಕಗ್ಗದ ಭತ್ತ

ಮಾಸೂರು, ಹೆಗಡೆ, ಮಾಣಿಕಟ್ಟಾ, ಹಿರೇಗುತ್ತಿ ಕಡೆಯಿಂದ ಕುಮಟೆಯ ಕಾಲೇಜಿಗೆ ಬರುತ್ತಿದ್ದ ನಮಗೆಲ್ಲ ಅಘನಾಶಿನಿ ಹೊಳೆಯ ಗಜನಿ ಗದ್ದೆ ದಿನವೂ ಕಣ್ಣಿಗೆ ಬೀಳುತ್ತಿತ್ತು. ಮಳೆಗಾಲದಲ್ಲಿ ಹಸಿರು, ದೀಪಾವಳಿ ಕಳೆದರೆ ಬರೀ ನೀರು. ಇತಿಹಾಸವೆಂದರೆ ಮಿರ್ಜಾನದ ಕೋಟೆ, ಗೇರುಸೊಪ್ಪೆಯ ಚೆನ್ನಭೈರಾದೇವಿ, 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ಎಂದು ಓದಿದೆವು. ಉಪ್ಪುನೀರಿನಲ್ಲಿ ಭತ್ತ ಬೆಳೆದವರ ಲೆಕ್ಕ ಎಲ್ಲೂ ಬರಲಿಲ್ಲ. ಈಗಿನ ವಿದ್ಯಾರ್ಥಿಗಳಿಗಾಗಿ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಭರತ (ಸಮುದ್ರದ ಉಬ್ಬರ) ಬಂದಾಗ ಹೊಳೆಯ ಉಪ್ಪುನೀರು ಮುಳುಗಿಸುವ ತಗ್ಗು ಜಾಗಕ್ಕೆ ಒಡ್ಡು ಹಾಕಿ ಗದ್ದೆ ಮಾಡಿದರೆ ಅದು ಗಜನಿ. ಹಳೆಯ ಒಡ್ಡು ಹೊಳೆಯ ಮಣ್ಣಿನದು. ಅದಕ್ಕೆ ದೊಡ್ಡ ಶತ್ರು ಏಡಿ. ಏಡಿಯ ಬಿಲದಿಂದ ಬೆರಳು ಗಾತ್ರದ ನೀರು ಒಸರಲು ತೊಡಗಿದರೂ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೆ ಮಣ್ಣು ತೊಳೆದುಹೋಗಿ ಒಡ್ಡೇ ಬಾಯಿ ಬಿಡುತ್ತದೆ. ಹಾಗಾಗಿ ಮಳೆಗೆ ಮೊದಲು ಬಿಲ ಹುಡುಕಿ ಜಿಗುಟು ಮಣ್ಣು ತುಂಬುವುದು ಊರೊಟ್ಟಿನ ಕೆಲಸವಾಗಿತ್ತು. ಹೊಳೆಯ ಕಡೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡ ಉಳಿಸಿಕೊಂಡ ಕಡೆ ಅಲೆಯ ಹೊಡೆತ ಕಡಿಮೆ. ಸೌದೆಗೆಂದು ಅದನ್ನು ಕಡಿದ ಕಡೆ ಒಡ್ಡು ಬೇಗ ಸವೆಯಿತು.

ಗಜನಿಯ ಜೀವ ಇರುವುದು ಜಂತ್ರಡಿಯಲ್ಲಿ, ಅಂದರೆ ಒಡ್ಡಿನಲ್ಲಿ ನೀರು ಬಿಡುವ, ತಡೆಯುವ ಬಾಗಿಲಿನಲ್ಲಿ. ಎರಡು ಬದಿಯ ಸೀಳಿನಲ್ಲಿ ಒಂದರ ಮೇಲೊಂದು ಕೂರುವ ಹಲಗೆಗಳು, ಅಷ್ಟೇ. ಎಷ್ಟು ಹಲಗೆ ಇಳಿಸಿದೆವು ಎನ್ನುವುದರ ಮೇಲೆ ಒಳಗೆ ಎಷ್ಟು ನೀರು ನಿಲ್ಲುತ್ತದೆ ಎಂಬುದು ನಿಂತಿದೆ. ಆದರೆ ಕೆಲಸ ನಡೆಯುವುದು ಗಡಿಯಾರದ ಪ್ರಕಾರವಲ್ಲ: ಭರತ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಜೂನ್ ಮಳೆ ಹಿಡಿದ ಮೇಲೆ ಇಳಿತಕ್ಕೆ ಹಲಗೆ ಎತ್ತಿ ಮಳೆನೀರನ್ನು ಹೊರಗೆ ಬಿಡಬೇಕು, ಭರತ ಏರುವ ಮೊದಲು ಮತ್ತೆ ಇಳಿಸಬೇಕು. ನಡುರಾತ್ರಿಯಾದರೂ ಸರಿ. ಒಂದು ಸಲ ತಪ್ಪಿದರೆ ಎಷ್ಟೋ ದಿನದ ಮಳೆ ತೊಳೆದ ಉಪ್ಪು ಮರಳಿ ಗದ್ದೆಗೆ ಬರುತ್ತದೆ.

ಉಪ್ಪು ಇಳಿದ ಮೇಲೆ ಕಗ್ಗದ ಬೀಜ. ಕಗ್ಗವೆಂದರೆ ಉಪ್ಪು ತಾಳುವ ಭತ್ತದ ತಳಿ. ನೆನೆಸಿ, ಹುಲ್ಲಿನಲ್ಲಿ ಮುಚ್ಚಿಟ್ಟು, ಮೊಳಕೆ ಬಂದ ಬೀಜವನ್ನೇ ಕೆಸರಿಗೆ ಬಿತ್ತುತ್ತಾರೆ. ಕಗ್ಗ ಎತ್ತರದ ಪೈರು, ನೆರೆ ಬಂದು ಕೆಲವು ದಿನ ಮುಳುಗಿದರೂ ತಾಳುತ್ತದೆ. ಗೊಬ್ಬರ ಹಾಕುವ ರೂಢಿ ಇಲ್ಲ, ಹೊಳೆ ತರುವ ಮೆಕ್ಕಲೇ ಸಾಕು. ಉಪ್ಪು ತಾಳುವ ತಳಿ ಎಂದ ಮಾತ್ರಕ್ಕೆ ಯಾವ ಹೊತ್ತಿಗೂ ತಾಳುತ್ತದೆ ಎಂದುಕೊಳ್ಳಬಾರದು. ಭತ್ತಕ್ಕೆ ಉಪ್ಪಿನ ಪೆಟ್ಟು ಹೆಚ್ಚು ತಾಗುವುದು ಎಳೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ಮಳೆ ಬೇಗ ನಿಂತ ವರ್ಷ ಹೊಳೆಯ ಸಿಹಿನೀರಿನ ಒತ್ತಡ ಇಳಿದು ಉಪ್ಪು ಮೇಲಕ್ಕೆ ಏರುತ್ತದೆ, ತೆನೆ ಜೊಳ್ಳಾಗುತ್ತದೆ. ಅಕ್ಟೋಬರ್ ಆಚೀಚೆ ಕೊಯ್ಲು. ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಹಾಗೆ ಬಿಡುವುದು ಸೋಮಾರಿತನದಿಂದಲ್ಲ. ಕೊಯ್ಲಾದ ಮೇಲೆ ಹಲಗೆ ತೆಗೆದು ಉಪ್ಪುನೀರು ಒಳಗೆ ಬಿಟ್ಟಾಗ ಆ ಹುಲ್ಲು ಕೊಳೆತು ಶೆಟ್ಲಿ (ಸಿಗಡಿ) ಮರಿಗಳಿಗೆ ಆಹಾರವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಇಳಿತಕ್ಕೆ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಶೆಟ್ಲಿಯೂ ಮೀನೂ ಸಿಗುತ್ತವೆ. ಅದೇ ನೆಲದಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಶೆಟ್ಲಿಯ ಹಿಕ್ಕೆ, ಕೊಳೆತ ಹುಲ್ಲು ಮುಂದಿನ ಕಗ್ಗಕ್ಕೆ ಗೊಬ್ಬರ.

ಒಂದು ಗಜನಿಯೊಳಗೆ ಎಷ್ಟೋ ಮನೆಯವರ ಹಿಡುವಳಿ ಇರುತ್ತದೆ, ನೀರು ಮಾತ್ರ ಎಲ್ಲರಿಗೂ ಒಂದೇ. ನನ್ನ ಗದ್ದೆಗೆ ಬೇಡ, ಪಕ್ಕದವನಿಗೆ ಬೇಕು ಎನ್ನುವ ಹಾಗಿಲ್ಲ. ಬಿತ್ತನೆ, ಕೊಯ್ಲು, ಹಲಗೆ ಎಲ್ಲವೂ ಒಟ್ಟಿಗೇ ತೀರ್ಮಾನವಾಗಬೇಕು. ನನ್ನ ಲೆಕ್ಕದಲ್ಲಿ ಕೋಟೆಗಿಂತ ದೊಡ್ಡ ಚರಿತ್ರೆ ಈ ಒಪ್ಪಂದವೇ.

1970ರ ದಶಕದಲ್ಲಿ ಉಪ್ಪುನೀರು ನುಗ್ಗುವ ನೆಲಕ್ಕೆಂದು ಸರಕಾರ ಮಾಡಿದ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ಒಡ್ಡು ಬಂತು. ಬಿಲ ಮುಚ್ಚುವ ಕೆಲಸ ತಪ್ಪಿತು, ಜೊತೆಗೆ ಎಲ್ಲರೂ ಸೇರುವ ರೂಢಿಯೂ ಸಡಿಲಾಯಿತು. ಮುಂದೆ ಶೆಟ್ಲಿಗೆ ಬೆಲೆ ಏರಿ ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ಉಪ್ಪುನೀರು ಜಾಸ್ತಿ ದಿನ ನಿಲ್ಲಬೇಕು, ಕಗ್ಗಕ್ಕೆ ಅದು ಜೂನ್‌ನಲ್ಲೇ ಖಾಲಿಯಾಗಬೇಕು. ಗೆದ್ದದ್ದು ಗುತ್ತಿಗೆ. 1990ರ ದಶಕದ ಬಿಳಿಚುಕ್ಕೆ ರೋಗ ಶೆಟ್ಲಿ ಸಾಕಣೆಯನ್ನೂ ಕೆಡಿಸಿತು, ಅಷ್ಟರಲ್ಲಿ ಹಲವು ಮನೆಗಳಲ್ಲಿ ಬೀಜ ಕಟ್ಟಿಡುವ ಹುಲ್ಲಿನ ಮುಡಿ ಬರಿದಾಗಿತ್ತು. ಒಂದು ವರ್ಷ ಬಿತ್ತದಿದ್ದರೆ ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಮಾಣಿಕಟ್ಟಾದಂಥ ಕಡೆ ಅದನ್ನು ಉಳಿಸಿಕೊಂಡವರಿಗೆ ನಾವೆಲ್ಲ ಋಣಿಗಳು.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈಗಲಾದರೂ ಕಾಲೇಜಿನವರು ಒಂದು ಕೆಲಸ ಹಿಡಿಯಬಹುದು. ಪ್ರತಿ ಗಜನಿಗೂ ಒಂದು ಹೆಸರಿದೆ. ಹೆಸರು, ಜಂತ್ರಡಿ ಎಷ್ಟು, ಹಲಗೆ ಎತ್ತುತ್ತಿದ್ದವರು ಯಾವ ಮನೆಯವರು, ಕೊನೆಯ ಸಲ ಕಗ್ಗ ಬಿತ್ತಿದ್ದು ಯಾವ ವರ್ಷ, ಇಷ್ಟನ್ನು ಬರೆದುಕೊಂಡು ಬನ್ನಿ. ಅಮಾವಾಸ್ಯೆಯ ದಿನ, ಇಳಿತದ ಹೊತ್ತಿಗೆ ಹೋಗಿ. ಹಳೆಯ ಮಣ್ಣಿನ ಒಡ್ಡಿನ ಗುರುತು ಆಗಲೇ ನೀರಿನಿಂದ ಮೇಲೆ ಕಾಣುವುದು.