‘ದಿ ಇನ್ವೇಡರ್ಸ್’ ಮೊದಲ ಕಂತು: ಕಿರುಬೆರಳು, ಬದಲಾದ ಬೋರ್ಡು

1967ರ ಜನವರಿ 10ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದ, ‘ದಿ ಇನ್ವೇಡರ್ಸ್’ ಟಿವಿ ಧಾರಾವಾಹಿಯ ಮೊದಲ ಕಂತು ‘ಬೀಚ್‌ಹೆಡ್’ ನೋಡುವಾಗ ಪಾತ್ರಗಳ ಕೈಗಳ ಮೇಲೆ ಕಣ್ಣಿರಲಿ. ಮನುಷ್ಯರ ವೇಷದಲ್ಲಿರುವ ಅನ್ಯಗ್ರಹದವರಲ್ಲಿ ಹಲವರ ಕಿರುಬೆರಳು ಮಡಚುವುದಿಲ್ಲ, ಸೆಟೆದು ಹೊರಚಾಚಿರುತ್ತದೆ. ಸತ್ತರೆ ಮೈ ಕೆಂಪಗೆ ಹೊಳೆದು ಮಾಯ; ಸಾಕ್ಷಿಗೆ ಹೆಣವೂ ಸಿಗದು.

ನಾಯಕ ಡೇವಿಡ್ ವಿನ್ಸೆಂಟ್ ವೃತ್ತಿಯಲ್ಲಿ ಆರ್ಕಿಟೆಕ್ಟ್. ಪಾತ್ರಧಾರಿ ರಾಯ್ ಥಿನ್ನೆಸ್. ರಾತ್ರಿ ಅಡ್ಡದಾರಿ ಹುಡುಕುತ್ತ ದಾರಿ ತಪ್ಪಿ, ಬಾಗಿಲು ಹಾಕಿದ ‘ಬಡ್ಸ್ ಡೈನರ್’ ಎಂಬ ರಸ್ತೆಬದಿಯ ಹೋಟೆಲಿನ ಎದುರು ಕಾರು ನಿಲ್ಲಿಸುತ್ತಾನೆ. ಹಾರುವ ತಟ್ಟೆ ಇಳಿಯುವುದು ಕಾಣುತ್ತದೆ. ಪೊಲೀಸರೊಡನೆ ಮರಳಿದರೆ ಬೋರ್ಡಿನಲ್ಲಿ ‘ಕೆಲ್ಲೀಸ್ ಡೈನರ್’! ಅಷ್ಟಕ್ಕೇ ಅವನ ಹೇಳಿಕೆ ಬಿದ್ದುಹೋಗುತ್ತದೆ. ತಟ್ಟೆಗಿಂತ ಈ ಬೋರ್ಡೇ ಹೆಚ್ಚು ಹೆದರಿಸುತ್ತದೆ. ನಿರ್ದೇಶಕ ಜೋಸೆಫ್ ಸಾರ್ಜೆಂಟ್. ಎರಡು ಸೀಸನ್‌ಗಳ ಒಟ್ಟು 43 ಕಂತುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.